ಮದ್ದಿನ ದಾರಿಯಲ್ಲಿ ತಪ್ಪು
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಶಾಲೆಯ ಬೆಂಚುಗಳ ಮೇಲೆಯೇ ಕುಳಿತು ಅಕ್ಷರ ಕಲಿತ ನಾವು ಕೆಲವರು ಇಂದು ಆಸ್ಪತ್ರೆಯ ಕೆಲಸದಲ್ಲಿದ್ದೇವೆ. ನಮ್ಮಲ್ಲಿ ಒಬ್ಬರು ವೈದ್ಯರು, ಒಬ್ಬರು ಔಷಧಾಲಯದವರು, ಇಬ್ಬರು ದಾದಿಯರು. ಎರಡು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದಾಗ, ಆರೋಗ್ಯದ ಹತ್ತು ನಿಯಮಗಳನ್ನು ಓದಿ ಕುಳಿತುಕೊಳ್ಳಬಹುದಾಗಿತ್ತು. ಆದರೆ ನಾವು ಈಗ ಒಂದು ಕೆಲಸಕ್ಕೆ ಕೈಹಾಕುವವರಿದ್ದೇವೆ. ಅದಕ್ಕೆ ನಿಮ್ಮ ನೆರವು ಬೇಕಾಗಿದೆ. ಅದನ್ನೇ ನಿವೇದಿಸಿಕೊಳ್ಳುತ್ತೇವೆ.

ಕೆಲವು ವರ್ಷಗಳ ಕೆಳಗೆ ಸಂಧಿವಾತದಿಂದ ನರಳುತ್ತಿದ್ದ ವೃದ್ಧೆಯೊಬ್ಬರನ್ನು ನಮ್ಮಲ್ಲಿಗೆ ಕರೆತಂದರು. ಬಾಯಿಯೆಲ್ಲ ಹುಣ್ಣು, ಮೈಯಲ್ಲಿ ಜ್ವರ, ಗಂಜಿಯ ತಿಳಿಯೂ ಇಳಿಯದು. ಅವರಿಗೆ ಕೊಟ್ಟಿದ್ದುದು ಮೆಥೋಟ್ರೆಕ್ಸೇಟ್ ಎಂಬ ಗುಳಿಗೆ. ಆ ರೋಗಕ್ಕೆ ಅದು ಒಳ್ಳೆಯ ಮದ್ದೇ. ಆದರೆ ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ದಿನವೂ ಸೇವಿಸಿದರೆ ಎಲುಬಿನ ಮಜ್ಜೆ ಸೊರಗಿ, ರಕ್ತಕಣಗಳು ಕುಸಿದು, ಪ್ರಾಣಕ್ಕೇ ಸಂಚಕಾರ ಬರುತ್ತದೆ. ಅಜ್ಜಿ ದಿನಕ್ಕೊಂದರಂತೆ ಸೇವಿಸಿದ್ದರು. ಬಹಳ ದಿನ ಆಸ್ಪತ್ರೆಯಲ್ಲಿ ಮಲಗಿ, ಹೇಗೋ ಬದುಕಿಕೊಂಡರು.

ಯಾರದು ತಪ್ಪು ಎಂದು ಎಲ್ಲರೂ ಹುಡುಕಿದರು. ವೈದ್ಯರು ಸರಿಯಾಗಿಯೇ ಬರೆದಿದ್ದರು, ಆಂಗ್ಲದಲ್ಲಿ. ಔಷಧ ಕೊಟ್ಟವರು ಸರಿಯಾದ ಗುಳಿಗೆಯನ್ನೇ ಕೊಟ್ಟಿದ್ದರು. ಹೇಳಬೇಕಾದುದನ್ನು ಮಲೆಯಾಳದಲ್ಲಿ ಹೇಳಿದ್ದರು. ಅಜ್ಜಿಗೆ ಬರುವುದು ತುಳು, ಕನ್ನಡ. ಮನೆಯ ಸೊಸೆ ಪ್ರತಿ ರಾತ್ರಿ ಮರೆಯದೆ ಗುಳಿಗೆ ತೆಗೆದುಕೊಟ್ಟಿದ್ದಳು. ಒಬ್ಬರೂ ಉದಾಸೀನರಲ್ಲ. ಆ ಸೊಸೆಯ ಶ್ರದ್ಧೆಯೇ ಅಜ್ಜಿಗೆ ಮುಳುವಾಯಿತೆಂದರೆ ನಂಬುವಿರಾ? ಬಯ್ಯುವುದಕ್ಕೆ ಯಾರೂ ಸಿಕ್ಕಲಿಲ್ಲವಾದ್ದರಿಂದ ಆ ಪ್ರಕರಣ ಅಲ್ಲಿಗೇ ಮುಚ್ಚಿಹೋಯಿತು. ನಮಗೆ ಇಂದಿಗೂ ನಾಚಿಕೆಯಾಗುವುದು ಈ ಮುಚ್ಚಿಹೋದ ಸಂಗತಿಗಾಗಿ.

ಇದು ನಮ್ಮ ಕಾಸರಗೋಡು ಸೀಮೆಯೊಂದರ ಕಥೆಯಲ್ಲ. ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ಸ್ಪ್ಯಾನಿಷ್ ನುಡಿಯುವ ಜನ ಬಹಳ. ಅಲ್ಲಿನ ಅಂಗಡಿಗಳು ಯಂತ್ರದಿಂದ ಅನುವಾದಿಸಿ ಅಂಟಿಸುತ್ತಿದ್ದ ಸ್ಪ್ಯಾನಿಷ್ ಚೀಟಿಗಳಲ್ಲಿ ಸುಮಾರು ಅರ್ಧದಷ್ಟು ತಪ್ಪಾಗಿದ್ದುವೆಂದು 2010ರಲ್ಲಿ ಪ್ರಕಟವಾದ ಪರಿಶೀಲನೆ ತಿಳಿಸಿತು. ಆಂಗ್ಲದಲ್ಲಿ 'ಒಂದು ಸಲ' ಎಂಬುದಕ್ಕೆ ಬರೆಯುವ 'ವನ್ಸ್' ಎಂಬ ಪದದ ಅಕ್ಷರಗಳನ್ನೇ ಸ್ಪ್ಯಾನಿಷಿನವರು ಓದಿದರೆ 'ಹನ್ನೊಂದು' ಎಂದಾಗುತ್ತದೆ! ನಮ್ಮಲ್ಲಿಯೂ ನೋಡಿ: ಮಲೆಯಾಳದಲ್ಲಿ 'ಒನ್ನರ' ಎಂದರೆ ಒಂದೂವರೆ, 'ಒನ್ನರಾಡಂ' ಎಂದರೆ ದಿನ ಬಿಟ್ಟು ದಿನ. ಕನ್ನಡದ ಕಿವಿಗೆ ಎರಡೂ ಒಂದೇ ಆಗಿ ಬಿದ್ದರೆ ಆಶ್ಚರ್ಯವೇನು?

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ, ಔಷಧದಿಂದಾಗುವ ತೀವ್ರವಾದ, ಆದರೆ ತಪ್ಪಿಸಬಹುದಾದ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕಿಳಿಸಬೇಕೆಂದು ಎಲ್ಲ ದೇಶಗಳಿಗೂ ಕರೆಕೊಟ್ಟಿತು. ಗುರಿ ದೊಡ್ಡದು, ನಾವು ಹಿಡಿಯುವುದು ಒಂದೇ ಒಂದು ವಾರ್ಡು. 'ತಪ್ಪುಗಳನ್ನು ಕಡಿಮೆಮಾಡುತ್ತೇವೆ' ಎಂದು ಗೋಡೆಗೆ ಬರೆದು ತೂಗುಹಾಕಿದರೆ ಅದು ಯೋಜನೆಯಾಗದು. ಯಾವ ತಪ್ಪು, ಎಷ್ಟು, ಯಾವ ತಿಂಗಳೊಳಗೆ ಎಂಬುದು ನಿಶ್ಚಯವಾಗಬೇಕು. ಅದಕ್ಕಿಂತ ಮುಂಚೆ ಈಗ ಎಷ್ಟಿವೆಯೆಂದು ಎಣಿಸಬೇಕು.

ಎಣಿಸುವುದೇ ಕಷ್ಟ. ತಾನು ತಪ್ಪಿದೆನೆಂದು ಬರೆದುಕೊಟ್ಟವಳಿಗೆ ಮೇಲಿನವರಿಂದ ಬೈಗುಳ ಸಿಕ್ಕುವಲ್ಲಿ ಯಾವ ದಾದಿ ಬರೆದುಕೊಟ್ಟಾಳು? 1960ರ ದಶಕದಲ್ಲಿ ಕೆನ್ನೆತ್ ಬಾರ್ಕರ್ ಎಂಬ ಅಮೆರಿಕದ ಔಷಧತಜ್ಞರು ಮದ್ದು ಕೊಡುವವರ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿ ಲೆಕ್ಕವಿಟ್ಟರು. ಆಸ್ಪತ್ರೆಯ ಕಡತದಲ್ಲಿ ಇದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚು ತಪ್ಪುಗಳು ಕಂಡುವು. ಆದುದರಿಂದ ನಮ್ಮ ವಾರ್ಡಿನಲ್ಲಿ ಮೊದಲ ತಿಂಗಳು ಹೆಸರಿಲ್ಲದ ಚೀಟಿಗಳ ಒಂದು ಪೆಟ್ಟಿಗೆ ಇರುತ್ತದೆ. ಮೊದಮೊದಲು ಚೀಟಿಗಳು ಹೆಚ್ಚಿದರೆ ಆಡಳಿತದವರು ಗಾಬರಿಯಾಗಬಾರದೆಂದು ಈಗಲೇ ಕೇಳಿಕೊಂಡಿದ್ದೇವೆ; ಅದು ತಪ್ಪು ಹೆಚ್ಚಿದ ಗುರುತಲ್ಲ, ಭಯ ತಗ್ಗಿದ ಗುರುತು.

ಬಳಿಕ ತಿದ್ದುಪಡಿ. ಶೆವ್‌ಹಾರ್ಟ್, ಡೆಮಿಂಗ್ ಎಂಬ ಅಮೆರಿಕನ್ನರು ಕಾರ್ಖಾನೆಗಳಿಗೆ ತೋರಿಸಿಕೊಟ್ಟ ಕ್ರಮವಿದು: ಸಣ್ಣದೊಂದು ಬದಲಾವಣೆ ಮಾಡು, ಫಲವನ್ನು ಅಳೆ, ಸರಿಕಂಡರೆ ವಿಸ್ತರಿಸು, ಇಲ್ಲವಾದರೆ ಬಿಡು. ಅದರಂತೆ ಒಂದು ದಿನ, ಒಬ್ಬ ದಾದಿ, ನಾಲ್ಕು ರೋಗಿಗಳಿಂದ ಆರಂಭ. 1 ಮಿಲಿಗ್ರಾಮಿಗೆ 1.0 ಎಂದು ಬರೆಯುವಂತಿಲ್ಲ. ಚುಕ್ಕೆ ಮಾಸಿದರೆ 10 ಆಗುತ್ತದೆ. ಗಾಢವಾದ ಪೊಟ್ಯಾಸಿಯಂ ಕ್ಲೋರೈಡಿನ ಸೀಸೆ ವಾರ್ಡಿನ ಬೀರುವಿನಲ್ಲಿರುವುದಿಲ್ಲ. ನೀರು ಬೆರೆಸದೆ ನರಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ, ಅದು ಔಷಧಾಲಯದಲ್ಲಿಯೇ ಇರಲಿ. ಇವೆಲ್ಲ ನಮ್ಮ ಕೈಯಲ್ಲೇ ಇರುವ ಕೆಲಸ. ಇದರಿಂದ ಮದ್ದು ಕೊಡುವುದು ತಡವಾಗುವುದೋ ಎಂಬುದನ್ನೂ ಅಳೆಯಬೇಕು. ಒಂದು ತಪ್ಪನ್ನು ಓಡಿಸಿ ಇನ್ನೊಂದನ್ನು ಮನೆಯೊಳಗೆ ಕರೆದಂತಾಗಬಾರದು.

ಆದರೆ ಅಜ್ಜಿಯ ತಪ್ಪು ವಾರ್ಡಿನಲ್ಲಿ ನಡೆದುದಲ್ಲ, ಮನೆಯಲ್ಲಿ. ಅಲ್ಲಿಗೆ ನಮ್ಮ ಕೈ ಮುಟ್ಟುವುದಿಲ್ಲ. ಮಕ್ಕಳೇ, ನಿಮ್ಮ ಕೈ ಮುಟ್ಟುತ್ತದೆ.

ವಾರಕ್ಕೊಮ್ಮೆಯ ಗುಳಿಗೆಗೆ 'ಸೋಮವಾರ ಮಾತ್ರ' ಎಂಬಂತೆ ದಿನದ ಹೆಸರನ್ನೇ ಹಾಕಿ, ಸೂರ್ಯ ಚಂದ್ರರ ಚಿತ್ರ ಬರೆದು, ಕನ್ನಡದಲ್ಲಿ ಕೆಲವು ಚೀಟಿಗಳನ್ನು ಸಿದ್ಧಮಾಡಿದ್ದೇವೆ. ಅವು ನಮಗೆ ಅರ್ಥವಾಗುತ್ತವೆ. ಅಜ್ಜಿಯಂದಿರಿಗೆ ಅರ್ಥವಾಗುತ್ತವೆಯೇ ಎಂಬುದೇ ಪ್ರಶ್ನೆ. ಎಂಟು, ಒಂಬತ್ತನೆಯ ತರಗತಿಯವರಿಗೆ ಇಂದು ಇಬ್ಬಿಬ್ಬರಿಗೆ ಒಂದು ಚೀಟಿಯಂತೆ ಕೊಡುತ್ತೇವೆ. ಮದ್ದು ಕೊಡುವುದಿಲ್ಲ, ಪೋಷಕರು ಹೆದರಬೇಕಾಗಿಲ್ಲ, ಚೀಟಿ ಮಾತ್ರ. ಅದನ್ನು ಮನೆಯ ಹಿರಿಯರಿಗೆ ಓದಿ ಹೇಳಿ, 'ಇದನ್ನು ಯಾವಾಗ, ಎಷ್ಟು ತೆಗೆದುಕೊಳ್ಳುವಿರಿ?' ಎಂದು ಕೇಳಿರಿ. ಅವರು ತಪ್ಪು ಹೇಳಿದರೆ ಕೂಡಲೇ ತಿದ್ದಬೇಡಿರಿ, ನಗಲೂ ಬೇಡಿರಿ. ಹೇಳಿದುದನ್ನು ಹೇಳಿದ ಹಾಗೆಯೇ, ತುಳುವಾದರೆ ತುಳುವಿನಲ್ಲಿಯೇ, ಚೀಟಿಯ ಹಿಂದೆ ಬರೆದು ಸೋಮವಾರ ನಿಮ್ಮ ತರಗತಿಯ ಅಧ್ಯಾಪಕರ ಕೈಗೆ ಕೊಡಿರಿ.