ಮಕ್ಕಳ ಗಮನ: ಮನೆಯಲ್ಲೇ ಇರುವ ಕಾರಣಗಳು

(ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದಲ್ಲಿ ಮಾಡಿದ ಭಾಷಣ)



ಹೈಸ್ಕೂಲಿಗೆ ಹೋಗೋ ಮಗ ಪುಸ್ತಕ ಹಿಡಿದರೆ ತೂಕಡಿಸ್ತಾನೆ, ಮಗಳಿಗೆ ಹೇಳಿದ್ದು ತಲೆಗೇ ಹೋಗಲ್ಲ ಎಂದು ದೂರುತ್ತೇವೆ. ಹೆಣ್ಣುಮಗುವಾದರೆ ‘ಓದಿದ್ದು ಸಾಕು, ಬಿಡಿಸಿ’ ಎನ್ನುವ ಮಾತೂ ಬರುತ್ತದೆ. ದಡ್ಡರೆಂದು ತೀರ್ಮಾನಿಸುವ ಮೊದಲು ಅವರ ನಿದ್ದೆ, ರಕ್ತ, ಊಟಗಳನ್ನು ವಿಚಾರಿಸಬೇಕು.

ಮೊದಲು ನಿದ್ದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ರಾತ್ರಿ ನಿದ್ದೆ ಬರುವುದೇ ತಡ. ಅದು ಸೋಮಾರಿತನವಲ್ಲ, ದೇಹಧರ್ಮ. ಅದರ ಮೇಲೆ ಕೈಯಲ್ಲಿ ಮೊಬೈಲು. 11ಕ್ಕೆ ಮಲಗಿದವನನ್ನು ಹಾಲು ಕರೆಯಲು 5ಕ್ಕೆ ಎಬ್ಬಿಸಿದರೆ ಸಿಕ್ಕಿದ್ದು ಆರೇ ಗಂಟೆ. ಬಾಕಿಯನ್ನು ಅವನು ತರಗತಿಯಲ್ಲಿ ತೀರಿಸುತ್ತಾನೆ. ಬಾಕಿಯ ಲೆಕ್ಕ ಸಂಘದವರಾದ ನಿಮಗೆ ಹೇಳಿಕೊಡಬೇಕೆ?

ಎರಡನೆಯದು ರಕ್ತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ, ಹುಡುಗರಲ್ಲಿ 31 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶ ಕಡಿಮೆಯಾದರೆ ಸುಸ್ತು, ಮಂಕು. ಪಾಠದಲ್ಲಿ ಮನಸ್ಸು ನಿಲ್ಲದು. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಜಂತುಹುಳುವಿನ ಮಾತ್ರೆ ಎಸೆಯಬಾರದು. ಹೊಟ್ಟೆ ತೊಳಸುತ್ತೆ ಅನ್ನೋರು ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ ನುಂಗಲಿ. ಸೊಪ್ಪು, ಕಾಳಿನ ಜೊತೆ ನಿಂಬೆಹುಳಿ ಇರಲಿ. ಊಟದ ಜೊತೆ ಟೀ ಬೇಡ. ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ.

ಮೂರನೆಯದು ಊಟ. ಬರೀ ಟೀ ಕುಡಿದು ಶಾಲೆಗೆ ಹೋದ ಮಗುವಿನ ಗಮನ ಹೊಟ್ಟೆಯ ಕಡೆಗೇ. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂದು ಶಾಲೆಯಲ್ಲಿ ಹಾಲು ಸಿಕ್ಕಿತು. ಆದರೆ ಹಸು ಕಟ್ಟಿದ ಮನೆಯಲ್ಲಿ? ಡೈರಿಗೆ ಹಾಕಿದ್ದು ಪಾಸ್‌ಬುಕ್ಕಿನಲ್ಲಿದೆ. ಮಕ್ಕಳ ಲೋಟಕ್ಕೆ ಹಾಕಿದ್ದು ಎಲ್ಲಿದೆ? ಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ಆದ್ದರಿಂದ ಹಾಲೂ ಬೇಕು, ಸೊಪ್ಪು-ಕಾಳೂ ಬೇಕು. ಜೊತೆಗೆ ದಿನಕ್ಕೊಂದು ಗಂಟೆ ಆಟ, ಓಡಾಟ.

ಇಷ್ಟಾದರೂ ಗಮನ ನಿಲ್ಲದಿದ್ದರೆ ಕಣ್ಣು, ಕಿವಿ ಪರೀಕ್ಷಿಸಿ, ವೈದ್ಯರಿಗೆ ತೋರಿಸಬೇಕು. ಹುಟ್ಟಿನಿಂದ ಬಂದ ತೊಂದರೆಯೂ ಇರಬಹುದು; ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಬೆಳಗಿನ ಹಾಲಿನ ಕ್ಯಾನು ದೊಡ್ಡವರು ಹೊರಲಿ. ಒಂದು ಲೋಟ ಹಾಲು ಮನೆಯಲ್ಲೇ ಉಳಿಯಲಿ. ರಾತ್ರಿ ಒಂಬತ್ತಕ್ಕೆ ಮೊಬೈಲು ಗೂಡು ಸೇರಲಿ, ಅಪ್ಪನದೂ ಸೇರಿ!