ಮಗಳ ಮುಟ್ಟು, ಮನೆಯ ಸಕ್ಕರೆ ಕಾಯಿಲೆ
(ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಡಿಗ್ರಿ, ಜಿಡ್ಡು ನೋಡದೆ ನಾವು ಹಾಲನ್ನು ಕ್ಯಾನಿಗೆ ಹಾಕುವುದಿಲ್ಲ. ಹಸು ಬೆದೆಗೆ ಬರದಿದ್ದರೆ ಡಾಕ್ಟರನ್ನು ಕರೆಸುತ್ತೇವೆ. ಮನೆಮಗಳಿಗೆ ಮೂರು ತಿಂಗಳು ಮುಟ್ಟು ನಿಂತರೆ ಮಾತ್ರ "ಮದ್ವೆ ಆದ್ರೆ ಸರಿಹೋಗ್ತದೆ ಬಿಡಿ" ಅಂತೀವಿ!

ಮುಟ್ಟು ತಪ್ಪುವುದು, ಗದ್ದದ ಮೇಲೆ ಕೂದಲು, ಮೊಡವೆ, ಕತ್ತಿನ ಸುತ್ತ ಕಪ್ಪು ಇವು ಪಿಸಿಓಎಸ್ ತೊಂದರೆಯ ಗುರುತುಗಳಿರಬಹುದು. ಇನ್ಸುಲಿನ್ ಸರಿಯಾಗಿ ನಾಟದಿದ್ದಾಗ ದೇಹ ಅದನ್ನು ಹೆಚ್ಚೆಚ್ಚು ಸುರಿಸುತ್ತದೆ. ಆ ಹೆಚ್ಚಳದಿಂದ ಅಂಡಾಶಯದಲ್ಲಿ ಗಂಡು ಹಾರ್ಮೋನು ಏರಿ, ಅಂಡ ಬಲಿಯುವುದಿಲ್ಲ. ಅದೇ ದೋಷ ಮುಂದೆ ಸಕ್ಕರೆ ಕಾಯಿಲೆಗೂ ದಾರಿ. ತಂದೆಗೋ ತಾಯಿಗೋ ಆ ಕಾಯಿಲೆಯಿದ್ದರೆ ಅಪಾಯ ಇನ್ನೂ ಹೆಚ್ಚು. ಮಗಳು ತೆಳ್ಳಗಿದ್ದಾಳೆಂದು ಸುಮ್ಮನಿರುವಂತಿಲ್ಲ.

ಸರ್ಕಾರದ ಸಕ್ಕರೆ ತಪಾಸಣೆ 30 ವರ್ಷ ದಾಟಿದವರಿಗೆ. ಇಪ್ಪತ್ತರ ಮಗಳನ್ನು ನಾವೇ ಕರೆದೊಯ್ಯಬೇಕು. ಪಿಸಿಓಎಸ್ ಗೊತ್ತಾದಾಗಲೇ ಸಕ್ಕರೆ ನೋಡಿ, ಬಳಿಕ 1ರಿಂದ 3 ವರ್ಷಕ್ಕೊಮ್ಮೆ ನೋಡಬೇಕೆಂದು 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬರಿಹೊಟ್ಟೆಯಲ್ಲಿ ಒಮ್ಮೆ, 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಗೆ ಇನ್ನೊಮ್ಮೆ ರಕ್ತ ಕೊಡಬೇಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಯಾವುದು ಹತ್ತಿರವೋ ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ವಿಚಾರಿಸಿ.

ರಾಗಿ ಒಳ್ಳೆಯದೇ, ಆದರೆ ಮುದ್ದೆ ಸಣ್ಣದಿರಲಿ; ಹುರುಳಿ, ಅವರೆಕಾಳು, ಸೊಪ್ಪು ಹೆಚ್ಚಿರಲಿ. ದಿನವಿಡೀ ರೇಷ್ಮೆ ನೂಲು ತೆಗೆಯುತ್ತ ಕೂರುವ ಹೆಣ್ಣುಮಕ್ಕಳು ಸಂಜೆ ಅರ್ಧ ಗಂಟೆ ನಡೆಯಲಿ. ತೂಕ ಹೆಚ್ಚಿದ್ದವರು ಸ್ವಲ್ಪ ಇಳಿಸಿದರೂ ಗುಣ ಕಾಣುತ್ತದೆ.

"ಗಂಡಿನ ಕಡೆಯೋರಿಗೆ ಗೊತ್ತಾದ್ರೆ?" ಎಂದು ಮುಚ್ಚಿಟ್ಟರೆ ಕಾಯಿಲೆ ನಿಲ್ಲುವುದಿಲ್ಲ. ಈ ಸಲದ ಬೋನಸ್ಸಿನಲ್ಲಿ ಮೊದಲ ಖರ್ಚು ಮಗಳ ರಕ್ತಪರೀಕ್ಷೆಯದಾಗಲಿ.