ಹಂಡೆ ಒಲೆಯಲ್ಲಿ ಸೌದೆಯ ಉಳಿತಾಯ



ಹಳ್ಳಿಯ ಮನೆಯಲ್ಲಿ ಅಡುಗೆಯ ಒಲೆಯಂತೆ ಬಚ್ಚಲಿನ ಹಂಡೆ ಒಲೆಯೂ ಸೌದೆ ಬೇಡುತ್ತದೆ. ಆದರೆ ಅದರ ಲೆಕ್ಕವನ್ನು ಇಡುವವರು ವಿರಳ.

ಒಂದು ಲೀಟರ್ ನೀರಿನ ಶಾಖವನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು 1 ಕಿಲೋ ಕ್ಯಾಲೋರಿ ಬೇಕು. 40 ಲೀಟರ್ ನೀರನ್ನು 20ರಿಂದ 50 ಡಿಗ್ರಿಗೆ ಕಾಯಿಸಲು 1,200 ಕಿಲೋ ಕ್ಯಾಲೋರಿ ಸಾಕು. ಒಣಗಿದ 1 ಕಿ.ಗ್ರಾಂ. ಸೌದೆಯಲ್ಲಿ ಸುಮಾರು 4,000 ಕಿಲೋ ಕ್ಯಾಲೋರಿ ಇದೆ. ಉರಿಯೆಲ್ಲ ನೀರಿಗೇ ಸೇರಿದರೆ 300 ಗ್ರಾಂ. ಸಾಕಾಗಬೇಕು. ಆದರೆ ನೂರಕ್ಕೆ 10 ಪಾಲು ಮಾತ್ರ ನೀರಿಗೆ ತಲುಪುವ ತೆರೆದ ಒಲೆಯಲ್ಲಿ 3 ಕಿ.ಗ್ರಾಂ. ಬೇಕು. 30 ಪಾಲು ತಲುಪಿದರೆ 1 ಕಿ.ಗ್ರಾಂ. ಸಾಕು. ವರ್ಷಕ್ಕೆ ಉಳಿಯುವುದು 700 ಕಿ.ಗ್ರಾಂ.ಗೂ ಹೆಚ್ಚು!

ಇದಕ್ಕೆ ಕೈಗೊಳ್ಳಬೇಕಾದ ಕ್ರಮಗಳು:

1. ಒಲೆಯ ಬಾಯಿ ಕಿರಿದಾಗಿರಲಿ. ಹಂಡೆಯ ಸುತ್ತಲಿನ ಸಂದುಗಳನ್ನು ಮಣ್ಣಿನಿಂದ ಮುಚ್ಚಿ, ಹೊಗೆ ಹೋಗಲು ಕೊಳವೆ ಕೂರಿಸಿರಿ.

2. ಸೌದೆಯನ್ನು ಕಬ್ಬಿಣದ ಜಾಲರಿಯ ಮೇಲೆ ಉರಿಸಿರಿ. ಅಡಿಯಿಂದ ಗಾಳಿ ದೊರೆತು ಸೌದೆ ಪೂರ್ಣವಾಗಿ ಉರಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯಲ್ಲಿಯೂ ಜಾಲರಿ, ಮುಚ್ಚಿದ ಉರಿಗೂಡು ಹಾಗೂ ಹೊಗೆ ಕೊಳವೆಗಳಿವೆ.

3. ಹಸಿ ಸೌದೆ ಬೇಡ. ಅದರೊಳಗಿನ ನೀರನ್ನು ಆವಿ ಮಾಡುವುದರಲ್ಲಿಯೇ ಶಾಖ ವ್ಯಯವಾಗುತ್ತದೆ.

4. ಹಂಡೆಗೆ ಮುಚ್ಚಳವಿರಲಿ. ತಳದ ಮಸಿಯನ್ನು ಆಗಾಗ ಕೆರೆದು ತೆಗೆಯಿರಿ.

ಸೌದೆ ಸಾಲದ ಮನೆಗಳಲ್ಲಿ ಬೆರಣಿ ಉರಿಯುತ್ತದೆ. ಆಗ ಸಗಣಿಯಲ್ಲಿನ ಸಾರಜನಕವು ಹೊಗೆಯೊಡನೆ ಹೋಗುತ್ತದೆ. ಬೂದಿಯಲ್ಲಿ ಅದು ಉಳಿಯದು. ಒಲೆಯನ್ನು ಸರಿಪಡಿಸಿದರೆ ಸಗಣಿ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಸೇರುತ್ತದೆ. ಸೌದೆ ಹೊರುವ ಹೆಣ್ಣುಮಕ್ಕಳ ತಲೆಹೊರೆಯೂ ಇಳಿಯುತ್ತದೆ.